ಕಡ್ಡಿಯನ್ನು ಎಬ್ಬಿಸುವವಳು

ನಮ್ಮ ಮನೆಯ ಹಸುಗೂಸಿನ ನಿದ್ದೆಗೆ ಶತ್ರು ಎಂದರೆ ಅದರ ಅಕ್ಕನೇ. ಬೀದಿಯಲ್ಲಿ ಲಾರಿ ಹಾರ್ನ್ ಹೊಡೆದರೂ, ಪಕ್ಕದ ಕಟ್ಟಡದಲ್ಲಿ ಕಲ್ಲು ಕೊಯ್ಯುವ ಯಂತ್ರ ಕಿರುಚಿದರೂ ಕಡ್ಡಿ ಮಿಸುಕುತ್ತಿರಲಿಲ್ಲ. ಆದರೆ ಅವನ ಕಣ್ಣು ಮುಚ್ಚಿತೋ ಇಲ್ಲವೋ, ಬುಗುರಿ ಎಲ್ಲಿದ್ದರೂ ಬಂದುಬಿಡುತ್ತಿದ್ದಳು. ತೊಟ್ಟಿಲ ಕಂಬಿಗಳ ಸಂದಿಯಲ್ಲಿ ಕೈ ತೂರಿಸಿ ಮೊದಲು ಕಾಲು ಎಳೆಯುವಳು. ಅದಕ್ಕೂ ಜಗ್ಗದಿದ್ದರೆ ತೊಡೆಗೊಂದು ಚಿವುಟು. ಮಗು ಸೂರು ಹಾರಿಹೋಗುವಂತೆ ಅಳುತ್ತಿತ್ತು, ಸೊಸೆ ಅಡುಗೆಮನೆಯಿಂದ ಎದ್ದೂ ಬಿದ್ದೂ ಓಡಿಬರುತ್ತಿದ್ದಳು, ಬುಗುರಿಗೆ ಬೆನ್ನ ಮೇಲೆ ಏಟು ಬೀಳುತ್ತಿತ್ತು. ಏಟು ತಿಂದವಳು ಅಳುತ್ತಲೂ ಇರಲಿಲ್ಲ. ಅದೇ ನನಗೆ ಸೋಜಿಗ.

ಬುಗುರಿ ನನ್ನ ಮೊಮ್ಮಗಳು, ಇನ್ನೂ ಮೂರು ತುಂಬಿಲ್ಲ. ಒಂದು ಕಡೆ ನಿಂತವಳಲ್ಲ, ಅದಕ್ಕೇ ಆ ಹೆಸರು. ಕಡ್ಡಿ ಅವಳ ತಮ್ಮ, ಹುಟ್ಟಿದಾಗ ಕೈಕಾಲು ಬಿಟ್ಟರೆ ಬೇರೇನೂ ಇರಲಿಲ್ಲ, ಅದಕ್ಕೆ ಈ ಹೆಸರು. ಎರಡನ್ನೂ ಇಟ್ಟವಳು ನಾನೇ. ಕಾಗದದಲ್ಲಿ ಬರೆಸುವ ಹೆಸರುಗಳನ್ನು ಅಪ್ಪ ಅಮ್ಮ ಇಟ್ಟುಕೊಳ್ಳಲಿ, ಕೂಗುವ ಹೆಸರು ಅಜ್ಜಿಯದು.

"ಹೊಟ್ಟೆಕಿಚ್ಚು ಕಣ್ರೀ ಅದು," ಎಂದಳು ಎದುರುಮನೆಯ ಟೈಲರಮ್ಮ. ನಮ್ಮ ಮನೆಯ ವಿಷಯದಲ್ಲಿ ಮೂಗು ತೂರಿಸದಿದ್ದರೆ ಅವಳಿಗೆ ಸೂಜಿಯೊಳಗೆ ದಾರ ಹೋಗುವುದಿಲ್ಲ. "ಇಷ್ಟು ದಿನ ತಲೆ ಮೇಲೆ ಕೂರಿಸ್ಕೊಂಡಿದ್ರಿ. ಈಗ ಇಳಿ ಅಂದ್ರೆ ಇಳೀತಾಳಾ?" ಹೊಟ್ಟೆಕಿಚ್ಚು ಅಂತ ಮಕ್ಕಳ ಡಾಕ್ಟರೂ ಹೇಳಿದರು. ಎಲ್ಲರೂ ಹೇಳಿದ ಮೇಲೆ ನಾವೂ ಹಾಗೆಯೇ ಅಂದುಕೊಂಡೆವು. ಕೊನೆಗೆ ಒಂದು ದಿನ ಕಡ್ಡಿಯ ತೊಡೆಯ ಮೇಲೆ ಚಿವುಟಿದ ಗುರುತು ನೀಲಿಗಟ್ಟಿ ಹಾಗೇ ಉಳಿದದ್ದನ್ನು ನೋಡಿ ನನ್ನ ಮಗ ತೀರ್ಮಾನ ಮಾಡಿದ: ಬುಗುರಿಯನ್ನು ಅವಳ ದೊಡ್ಡಮ್ಮನ ಮನೆಗೆ ಕಳಿಸುವುದು. ದೂರದ ಊರು. ಕಡ್ಡಿ ಸ್ವಲ್ಪ ಗಟ್ಟಿಯಾಗುವವರೆಗೆ ಅಲ್ಲೇ ಇರಲಿ. ಸೊಸೆ ಆಗ ಯಾವುದಕ್ಕೂ ಏನೂ ಹೇಳುತ್ತಿರಲಿಲ್ಲ.

ನಾನು ಮಾತ್ರ ಜಗಳ ತೆಗೆದೆ. ಈ ಮನೆಯಿಂದ ಇನ್ನೊಂದು ಮಗು ಹೊರಗೆ ಹೋಗುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಆದರೆ ಆ "ಇನ್ನೊಂದು" ಎಂಬ ಮಾತನ್ನು ಬಾಯಿಬಿಟ್ಟು ಆಡುವ ಹಾಗಿರಲಿಲ್ಲವಲ್ಲ. ಸುಮ್ಮನೆ ಪಾತ್ರೆ ಕುಕ್ಕಿದೆ.

ಹುಟ್ಟಿದ್ದು ಇಬ್ಬರು. ಕಡ್ಡಿ ಮತ್ತು ಗುಂಡ. ಗುಂಡ ಎಂದರೆ ಕೆನ್ನೆ ಎರಡೂ ಹೆಗಲಿಗೆ ತಾಗುವಂಥ ಮಗು. ಹಾಲು ಕುಡಿದು ತೇಗಿದರೆ ಪಕ್ಕದ ಕೋಣೆಗೆ ಕೇಳಬೇಕು. ನಾವೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಡ್ಡಿಯನ್ನು ಕಾಯುತ್ತಿದ್ದೆವು. ಅವನ ಉಸಿರು, ಅವನ ತೂಕ, ಅವನ ಮೈಬಿಸಿ. ಗುಂಡನ ಬಗ್ಗೆ ಯಾರಿಗೂ ಯೋಚನೆಯೇ ಇರಲಿಲ್ಲ. ಒಂದು ಮಧ್ಯಾಹ್ನ ಇಬ್ಬರೂ ಅಕ್ಕಪಕ್ಕದ ತೊಟ್ಟಿಲುಗಳಲ್ಲಿ ಮಲಗಿದರು. ಎದ್ದವನು ಕಡ್ಡಿ. ಗುಂಡ ಏಳಲಿಲ್ಲ. ಕೆಲವು ಎಳೆಗೂಸುಗಳಿಗೆ ನಿದ್ದೆಯಲ್ಲೇ ಹೀಗಾಗಿಬಿಡುತ್ತದೆ, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ಯಾರದಾದರೂ ತಪ್ಪು ಎಂದಿದ್ದರೆ ಅವರನ್ನು ಬೈದುಕೊಂಡಾದರೂ ಬದುಕಬಹುದಿತ್ತು.

ನನ್ನ ಮಗ ಗುಂಡನನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಬರಿಗೈಯಲ್ಲಿ ಬಂದ. ಬಂದವನು ಅಳಲಿಲ್ಲ, ಕೆಲಸಕ್ಕೆ ಕೂತ. ಅವನದು ಫೋಟೋ ಸ್ಟುಡಿಯೋ. ಮುಂದಿನ ಕೋಣೆ ಸ್ಟುಡಿಯೋ, ಹಿಂದೆ ಮನೆ. ಚಿತ್ರದಲ್ಲಿ ಬೇಡವಾದದ್ದನ್ನು ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಮುರಿದ ಹಲ್ಲು, ಕೆನ್ನೆಯ ಮಚ್ಚೆ, ಸಂಬಂಧ ಮುರಿದುಕೊಂಡ ಭಾವಮೈದುನ, ಎಲ್ಲವನ್ನೂ ತೆಗೆದು ಆ ಜಾಗದಲ್ಲಿ ಗೋಡೆಯನ್ನೋ ಗಿಡವನ್ನೋ ತುಂಬಿಬಿಡುತ್ತಾನೆ. ಗೊತ್ತಾಗುವುದೇ ಇಲ್ಲ. ಅದೇ ಕೈಯಿಂದ ಅವನು ಮನೆಯನ್ನೂ ತಿದ್ದಿದ. ಗುಂಡನ ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ, ಜೋಡಿ ಬಟ್ಟೆಗಳಲ್ಲಿ ಒಂದೊಂದನ್ನು ತೆಗೆದು ಯಾರಿಗೋ ಕೊಟ್ಟ. ನನ್ನನ್ನೂ ಸೊಸೆಯನ್ನೂ ಕೂರಿಸಿಕೊಂಡು ಹೇಳಿದ.

"ಬುಗುರಿ ಇನ್ನೂ ಚಿಕ್ಕೋಳು. ನಾವು ಬಾಯಿ ಬಿಡದೇ ಇದ್ರೆ ಮರೆತೇ ಹೋಗ್ತಾಳೆ. ಯಾಕೆ ಆ ಮಗು ತಲೇಲಿ ಇದನ್ನೆಲ್ಲ ತುಂಬೋದು?"

ಆ ಸಂಜೆ ಬುಗುರಿ ಅಪ್ಪನ ಮುಂದೆ ಬಂದು ನಿಂತಳು. "ಗುಂಡ ಎಲ್ಲಿ?"

"ಯಾವ ಗುಂಡ ಪುಟ್ಟಾ? ನಮ್ಮನೇಲಿರೋದು ಒಂದೇ ಪಾಪು."

ಅವಳು ಎರಡು ಬೆರಳು ತೋರಿಸಿದಳು. ಅವನು ಒಂದು ಬೆರಳನ್ನು ಮೆಲ್ಲಗೆ ಮಡಿಸಿದ. "ಒಂದು," ಎಂದ. ಅವಳು ಮಡಿಸಿದ ಬೆರಳನ್ನೇ ನೋಡುತ್ತಾ ನಿಂತಳು, ಮತ್ತೆ ಎಂದೂ ಕೇಳಲಿಲ್ಲ. ನೋಡಿದೆಯಾ ಅಮ್ಮಾ, ಮರೆತಳು ಎಂದ ನನ್ನ ಮಗ.

ನಾವು ಮರೆತೆವೆಂದು ಮನೆ ಮರೆಯುತ್ತದೆಯೇ? ಕಿಟಕಿಯ ಬಳಿ ಗುಂಡನ ತೊಟ್ಟಿಲಿದ್ದ ಜಾಗ ಖಾಲಿಯಾಗಿಯೇ ಉಳಿಯಿತು. ಅಲ್ಲಿ ಏನನ್ನಾದರೂ ಇಡಬೇಕೆಂದು ಯಾರಿಗೂ ತೋಚಲಿಲ್ಲ. ಬಾಗಿಲಿನಿಂದ ಕಿಟಕಿಗೆ ಹೋಗುವಾಗ ಬುಗುರಿ ನೇರವಾಗಿ ಹೋಗುವುದಿಲ್ಲ, ಆ ಜಾಗವನ್ನು ಸುತ್ತಿಕೊಂಡು ಹೋಗುತ್ತಾಳೆ ಎಂಬುದನ್ನು ಒಂದು ದಿನ ಗಮನಿಸಿದೆ. ಮರುದಿನ ಒಣಗಿದ ಬಟ್ಟೆ ತರಲು ಹೋಗುವಾಗ ನಾನೂ ಸುತ್ತಿಕೊಂಡೇ ಹೋಗುತ್ತಿದ್ದೇನೆಂದು ತಿಳಿಯಿತು. ಸೊಸೆಯೂ ಹಾಗೆಯೇ. ಇಲ್ಲದ ತೊಟ್ಟಿಲಿಗೆ ಎಡವದಂತೆ ಮೂವರು ಹೆಂಗಸರು ಓಡಾಡುತ್ತಿದ್ದೆವು.

ಹಾಲೂಡಿಸುವಾಗ ಸೊಸೆ ಕಡ್ಡಿಯನ್ನು ಎಡಗೈಯಲ್ಲಿ ಹಿಡಿದಿದ್ದರೂ ಬಲಗೈ ಸುಮ್ಮನಿರುತ್ತಿರಲಿಲ್ಲ. ಅದೂ ಬಾಗಿ ಯಾರನ್ನೋ ಹಿಡಿದ ಹಾಗೆ ಇರುತ್ತಿತ್ತು. ಗೋಡೆಯ ಮೇಲಿನ ಫೋಟೋದಲ್ಲಿಯೂ ಅದೇ. ಮಕ್ಕಳಿಬ್ಬರನ್ನೂ ಎತ್ತಿಕೊಂಡು ಕೂತಿದ್ದಾಗ ತೆಗೆದದ್ದು. ಗುಂಡನಿದ್ದ ಕಡೆ ಮಗ ಕುರ್ಚಿಯ ಬಟ್ಟೆಯನ್ನು ತುಂಬಿದ್ದಾನೆ, ಬಹಳ ಚೆನ್ನಾಗಿಯೇ ತುಂಬಿದ್ದಾನೆ. ಆದರೆ ಬಲಗೈಯನ್ನು ಏನು ಮಾಡುವುದು? ಅದು ಏನನ್ನೂ ಹಿಡಿಯದೆ, ಬೀಳದಂತೆ ಏನನ್ನೋ ಹಿಡಿದುಕೊಂಡಿದೆ. ನಾನೂ ಹಳೆಯ ಕಾಲದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಫೋಟೋ ತಿದ್ದುವ ಕೆಲಸ ಮಾಡಿದವಳು, ತಿದ್ದಿದ ಜಾಗ ನನ್ನ ಕಣ್ಣಿಗೆ ಬೀಳದೆ ಇರುವುದಿಲ್ಲ. ಎಷ್ಟು ದೆವ್ವದ ಕಥೆ ಕೇಳಿದ್ದರೂ ಆ ಕೈಯಷ್ಟು ಯಾವುದೂ ನನ್ನನ್ನು ಹೆದರಿಸಿಲ್ಲ.

ಇನ್ನೊಂದು ವಿಷಯ. ಬುಗುರಿ ನಿದ್ದೆ ಮಾಡುವುದನ್ನೇ ಬಿಟ್ಟಳು. ಕೂತಲ್ಲೇ ತೂಕಡಿಸುತ್ತಾಳೆ, ಗಲ್ಲ ಎದೆಗೆ ತಾಗುತ್ತದೆ, ತಟ್ಟನೆ ಎದ್ದು ಮನೆಯೆಲ್ಲ ಓಡುತ್ತಾಳೆ. ಮಲಗಿಸಲು ಹೋದರೆ ಕೈ ಕಚ್ಚುತ್ತಾಳೆ. ಕಣ್ಣ ಕೆಳಗೆ ಕಪ್ಪು. ಹಟ ಎಂದರು, ಅದಕ್ಕೂ ಹೊಟ್ಟೆಕಿಚ್ಚೇ ಕಾರಣ ಎಂದರು.

ಕರೆದುಕೊಂಡು ಹೋಗಲು ದೊಡ್ಡಮ್ಮ ಬಂದಳು. ಸೊಸೆಯ ಅಕ್ಕ, ಬೇಕರಿಯಲ್ಲಿ ಹಿಟ್ಟು ನಾದಿ ನಾದಿ ತೋಳು ಗಟ್ಟಿಯಾದವಳು, ಮಾತೂ ಅಷ್ಟೇ ಗಟ್ಟಿ. "ನೀವೇನೂ ತಲೆ ಕೆಡಿಸ್ಕೋಬೇಡಿ ಅಮ್ಮಾ, ನಾನು ನೋಡ್ಕೋತೀನಿ," ಎಂದಳು ನನಗೆ. ಬುಗುರಿಯ ಬಟ್ಟೆಗಳು ಒಂದು ಚೀಲಕ್ಕೆ ಸೇರಿದವು. ಸಂಜೆಯ ಬಸ್ಸಿಗೆ ಹೊರಡುವುದು ಎಂದಾಯಿತು.

ಊಟವಾದ ಮೇಲೆ ಕಡ್ಡಿಗೆ ನಿದ್ದೆ ಹತ್ತಿತು. ನನಗೆ ಬಾಗಿಲ ಕಾವಲು. ಮುಚ್ಚಿದ ಬಾಗಿಲಿಗೆ ಒರಗಿ ಕೂತಿದ್ದವಳು, ದೊಡ್ಡಮ್ಮ ಏನೋ ಕೇಳಿದಳೆಂದು ಅಡುಗೆಮನೆಗೆ ಎದ್ದು ಹೋದೆ. ವಾಪಸು ಬರುವಷ್ಟರಲ್ಲಿ ಬಾಗಿಲು ಅರ್ಧ ತೆರೆದಿತ್ತು. ನುಗ್ಗಿ ಹೋಗಿ ಅವಳ ಕೈ ಹಿಡಿಯಬೇಕೆಂದುಕೊಂಡೆ. ಯಾಕೋ ಹೋಗಲಿಲ್ಲ. ಇವತ್ತೇ ಹೊರಟುಹೋಗುವವಳು, ಏನು ಮಾಡುತ್ತಾಳೋ ನೋಡೋಣ ಎನ್ನಿಸಿತು.

ಬುಗುರಿ ಚಿವುಟಲಿಲ್ಲ. ಮೊದಲು ಕಂಬಿಗೆ ಮುಖ ಒತ್ತಿ ಅವನನ್ನೇ ನೋಡಿದಳು. "ಕಡ್ಡೀ," ಎಂದಳು ಪಿಸುಮಾತಿನಲ್ಲಿ. ಅವನು ಏಳಲಿಲ್ಲ. "ಕಡ್ಡೀ, ಏಳು." ಅಂಗಾಲು ಮುಟ್ಟಿದಳು. ಅವನು ಏಳಲಿಲ್ಲ. ಆಗ ಅವಳ ಮುಖ ನೋಡಬೇಕಿತ್ತು. ಹೊಟ್ಟೆಕಿಚ್ಚಿನ ಮುಖವನ್ನು ನಾನು ಬದುಕಿನಲ್ಲಿ ಬೇಕಾದಷ್ಟು ನೋಡಿದ್ದೇನೆ, ನನ್ನ ನಾದಿನಿಯರೇ ನಾಲ್ವರು. ಇದು ಅದಲ್ಲ. ಬಾವಿಗೆ ಬಿದ್ದವರನ್ನು ಕೂಗುವವರ ಮುಖ ಅದು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೈ ತೂರಿಸಿ ಚಿವುಟಿದಳು.

ಕಡ್ಡಿ ಕಿಟಾರನೆ ಕಿರುಚಿದ. ಬುಗುರಿ ಕಣ್ಣು ಬಿಟ್ಟಳು, ನಕ್ಕಳು, ಎರಡೂ ಕೈ ತಟ್ಟಿದಳು.

"ಇದಾನೆ! ಅಮ್ಮಾ, ಕಡ್ಡಿ ಇದಾನೆ!"

ಅಷ್ಟರಲ್ಲಿ ಸೊಸೆ ನನ್ನನ್ನು ದಾಟಿಕೊಂಡು ಒಳಗೆ ನುಗ್ಗಿ ಕೈ ಎತ್ತಿಯಾಗಿತ್ತು. "ಹೊಡೀಬೇಡ ಕಣೇ," ಎಂದು ನಾನು ಕೂಗಿದೆ. ಕೂಗುವ ಅಗತ್ಯವಿರಲಿಲ್ಲ, ಆ ಮಾತು ಅವಳ ಕಿವಿಗೂ ಬಿದ್ದಿತ್ತು. ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಗಲಾಟೆ ಕೇಳಿ ದೊಡ್ಡಮ್ಮನೂ, ಸ್ಟುಡಿಯೋದಿಂದ ನನ್ನ ಮಗನೂ ಬಂದು ಬಾಗಿಲಲ್ಲಿ ನಿಂತರು.

"ಯಾಕಮ್ಮಾ ಚಿವುಟ್ತೀಯ?" ಸೊಸೆ ಕೆಳಗೆ ಕೂತು ಕೇಳಿದಳು. ಎಷ್ಟೋ ದಿನದ ಮೇಲೆ ಅವಳು ಮಗಳಿಗೆ ಒಂದು ಪ್ರಶ್ನೆ ಕೇಳಿದ್ದು.

ಬುಗುರಿ ಅಪ್ಪನ ಕಡೆ ಒಮ್ಮೆ ನೋಡಿದಳು. ಹೇಳಬಾರದ್ದನ್ನು ಹೇಳುವವರು ಹಾಗೆ ನೋಡುತ್ತಾರೆ. "ಅಮ್ಮಾ, ನೀನು ಸದ್ದು ಮಾಡ್ಬೇಡ ಅಂದೆ. ಮುಟ್ಬೇಡ ಅಂದೆ. ನಾನು ಮುಟ್ಟಿಲ್ಲ. ಜಾಣೆ ಆಗಿದ್ದೆ." ಉಸಿರು ಎಳೆದುಕೊಂಡಳು. "ಗುಂಡನ್ನ ಚಿವುಟೇ ಇಲ್ಲ. ಗುಂಡ ಹೋದ."

ಗುಂಡ ಹೋದ ಆ ಮಧ್ಯಾಹ್ನ ನನಗೆ ನೆನಪಾಯಿತು. ಮಕ್ಕಳನ್ನು ಎಬ್ಬಿಸಿದರೆ ನೋಡು ಎಂದು ಸೊಸೆ ಗದರಿದ್ದಳು. ಎಂದೂ ಕೂರದ ಬುಗುರಿ ತೊಟ್ಟಿಲುಗಳ ನಡುವೆ ನೆಲದ ಮೇಲೆ ಬಾಯಿಗೆ ಬೆರಳಿಟ್ಟುಕೊಂಡು ಕೂತಿದ್ದಳು. ಜಾಣೆ ಎಂದು ತಲೆ ಸವರಿ ಹೋದವಳು ನಾನು. ಅವಳ ಕಣ್ಣೆದುರೇ ಅದು ನಡೆದುಹೋಗಿತ್ತು. ಅವಳು ಜಾಣೆಯಾದ್ದರಿಂದ ಗುಂಡ ಹೋದ, ಅವನೆಲ್ಲಿ ಎಂದು ಕೇಳಿದರೆ ಅಂಥವನು ಇರಲೇ ಇಲ್ಲ ಎಂದರು. ಅವಳ ಲೆಕ್ಕದಲ್ಲಿ ಈ ಮನೆಯಲ್ಲಿ ನಿದ್ದೆ ಹೋದವರು ಇಲ್ಲವಾಗುತ್ತಾರೆ, ಆಮೇಲೆ ಅವರು ಇದ್ದದ್ದೂ ಸುಳ್ಳಾಗುತ್ತದೆ. ಒಂದು ಹೊಡೆತ ತಿಂದು ತಮ್ಮನನ್ನು ಉಳಿಸಿಕೊಳ್ಳಬಹುದಾದರೆ ತಿನ್ನುವುದೇ ಸರಿ ಎಂದು ಆ ಪುಟ್ಟ ಜೀವ ಅಂದುಕೊಂಡಿತ್ತು. ನಾವು ಅವಳ ಚೀಲ ಕಟ್ಟಿಟ್ಟಿದ್ದೆವು.

"ಪುಟ್ಟಾ, ಯಾವ..." ಎಂದು ನನ್ನ ಮಗ ಬಾಯಿ ತೆಗೆದ.

"ಸಾಕು," ಎಂದಳು ಸೊಸೆ. ಅವಳು ಗಂಡನಿಗೆ ಹಾಗೆಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಗಳನ್ನು ತೊಡೆಗೆ ಎಳೆದುಕೊಂಡಳು. "ಗುಂಡ ಸತ್ತುಹೋದ ಕಂದಾ. ನಿನ್ನಿಂದ ಅಲ್ಲ. ನೀನು ಚಿವುಟಿದ್ರೂ ಅವನು ಏಳ್ತಿರಲಿಲ್ಲ. ನಾನು ಎಷ್ಟೊಂದು ಎಬ್ಬಿಸಿದೆ, ನನ್ನ ಕೈಲೂ ಆಗ್ಲಿಲ್ಲ."

"ಕಡ್ಡಿ?"

ಅವನಿಗೆ ಏನೂ ಆಗಲ್ಲ ಎಂದು ಸೊಸೆ ಹೇಳಲಿಲ್ಲ. ಅತ್ತು ಅತ್ತು ಸುಮ್ಮನಾಗುತ್ತಿದ್ದ ಕಡ್ಡಿಯನ್ನು ನೆಲದ ಹಾಸಿಗೆಯ ಮೇಲೆ ಮಲಗಿಸಿ, ಬುಗುರಿಯನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಅವಳ ಅಂಗೈಯನ್ನು ಅವನ ಹೊಟ್ಟೆಯ ಮೇಲಿಟ್ಟಳು. "ಮೇಲೆ ಹೋಗತ್ತೆ, ಕೆಳಗೆ ಬರತ್ತೆ. ಗೊತ್ತಾಯ್ತಾ? ಹಾಗೆ ಆಗ್ತಿದ್ರೆ ಇದಾನೆ ಅಂತ. ಚಿವುಟೋದು ಬೇಡ. ನೀನು ಮಲ್ಕೋ, ನಾನು ನೋಡ್ತಿರ್ತೀನಿ."

"ನನ್ನೂ ನೋಡ್ತೀಯಾ?"

"ನಿನ್ನೂ."

ಬುಗುರಿ ಆ ಹೊಟ್ಟೆಯನ್ನೇ ನೋಡುತ್ತಾ, ನೋಡುತ್ತಾ, ಮಾತಿನ ಮಧ್ಯದಲ್ಲಿ ದೀಪ ಆರಿದ ಹಾಗೆ ನಿದ್ದೆ ಹೋದಳು. ಎಷ್ಟು ದಿನದ ಬಾಕಿ ನಿದ್ದೆಯೋ. ಬಾಯಿ ಅರ್ಧ ತೆರೆದಿತ್ತು, ಕೈಕಾಲು ಒಗೆದ ಬಟ್ಟೆಯಂತೆ ಬಿದ್ದಿದ್ದವು. ಬಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ. ದೊಡ್ಡಮ್ಮ ಮೆಲ್ಲಗೆ ಚೀಲ ಬಿಚ್ಚಿ ಬಟ್ಟೆಗಳನ್ನು ಕಪಾಟಿಗೆ ಜೋಡಿಸತೊಡಗಿದಳು.

ನನ್ನ ಮಗ ಮಾತ್ರ ಬಾಗಿಲಲ್ಲಿ ನಿಂತೇ ಇದ್ದ. "ಇವಳು ಇಷ್ಟು ಅಲ್ಲಾಡದೆ ಮಲಗ್ತಾಳೇನಮ್ಮಾ?" ಎಂದು ಕೇಳಿದ.

"ದಣಿದಿದಾಳೆ ಕಣೋ, ಬಿಡು."

ಅವನು ಬಿಡಲಿಲ್ಲ. ಹತ್ತಿರ ಬಂದು ಬಾಗಿದ. ಅವಳ ಹೊಟ್ಟೆ ಏರಿ ಇಳಿಯುವುದು ಕೋಣೆಯಲ್ಲಿದ್ದ ನಮಗೆಲ್ಲ ಕಾಣುತ್ತಿತ್ತು, ಅವನಿಗೂ ಕಾಣುತ್ತಿತ್ತು. ಮೂಗಿನ ಬಳಿ ಕಿವಿ ಇಟ್ಟ. ಸಾಲದೇ ಹೋಯಿತು. ಬೇಡ ಎಂದು ಸೊಸೆ ಕೈ ಚಾಚುವ ಮೊದಲೇ ಅವನು ಮಗಳ ಅಂಗಾಲನ್ನು ಹಿಡಿದು ಚಿವುಟಿದ.

ಬುಗುರಿ ಅರಚಿಕೊಂಡು ಎದ್ದು ಅವನ ಗಲ್ಲಕ್ಕೆ ಒದ್ದಳು. ಒದೆ ತಿಂದವನು ನೆಲದ ಮೇಲೆ ಕುಸಿದು ಕೂತು, ಎರಡು ಕೈಯಲ್ಲಿ ಆ ಪುಟ್ಟ ಪಾದವನ್ನು ಹಿಡಿದುಕೊಂಡು, ಬಿಕ್ಕಿ ಬಿಕ್ಕಿ ಅತ್ತ. ಅಳು ಮರೆತು ಅವಳು ಅಪ್ಪನ ಮುಖವನ್ನೇ ನೋಡಿದಳು.

"ಅಪ್ಪಾ, ಗುಂಡ ಇದ್ದ ಅಲ್ವಾ?"

"ಇದ್ದ ಪುಟ್ಟಾ," ಎಂದ ನನ್ನ ಮಗ. "ಇದ್ದ."