ಮೊದಲ ಗುಂಡಿಯ ಕೆಂಪು

ಕೆಂಪು, ಹತ್ತಿಯೇ ಬಿಟ್ಟಿತು, ಮೇಜಿನ ಫೋನಿನ ಮೊದಲ ಗುಂಡಿಯ ದೀಪ, ಅಂದರೆ ಸಂಡೂರಿನ ಗಣಿಯಲ್ಲಿ, ಲಾರಿ ತೂಗುವ ವೇಬ್ರಿಡ್ಜಿನ ಕೋಣೆಯಲ್ಲಿ ಶಂಭುಲಿಂಗ ಫೋನ್ ಎತ್ತಿದ, ಬೆಟ್ಟದ ಮೇಲೆ ಮೊಬೈಲಿಗೆ ಸಿಗ್ನಲ್ ಇಲ್ಲ, ಎತ್ತಿದರೆ ಅದನ್ನೇ ಎತ್ತಬೇಕು, ಚೋರನೂರಿಗೆ ಹಚ್ಚಿದ್ದಾನೆ, ತನ್ನ ಅವ್ವನ ಮುಂದೆ ಮದುವೆಗೆ ನನ್ನ ಹೆಸರು ಹೇಳುತ್ತಿದ್ದಾನೆ — ಹರಿಪ್ರಿಯಾ ಕುರ್ಚಿ ಮುಂದೆಳೆದುಕೊಂಡಳು, ಕೈಗೆ ಕೆಲಸ ಬೇಕು, ಈ ಹೊಸಪೇಟೆ ಆಫೀಸಿಗೂ ಗಣಿಗೂ ಸೇರಿ ಹೊಸ ಫೋನು ಬಂದಿದೆ, ಯಾವ ಗುಂಡಿ ಯಾರಿಗೆ ಎಂದು ಕೂಡಿಸುವವಳು ಅವಳೇ, ಎರಡನೆಯದು ಸ್ಟೋರು, ನಂಬರ್ ಒತ್ತು, ಸೇವ್, ಮುಗಿಯಿತು, ಮೂರನೆಯದು ಮ್ಯಾನೇಜರ್ ಶ್ರೀಪತಿಯವರದು, ಮೊದಲ್ನೇ ಗುಂಡಿ ನಂದಿರ್ಲಮ್ಮ ಅಂದಿದ್ದರು, ಗುಂಡಿಗೂ ಗಾದಿ ಬೇಕು ದೊಡ್ಡವರಿಗೆ, ಅಲ್ಲಿ ಲಾರಿ ನಿಂತ್ರ ಇಲ್ಲಿ ಎಲ್ಲಾ ನಿಲ್ತದ ಸರ್ ಎಂದು ಬಾಯಿ ಮುಚ್ಚಿಸಿದ್ದಳು, ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ — ಇನ್ನೂ ಕೆಂಪು. ಅವನವ್ವ ಮರುಳಸಿದ್ದಮ್ಮ ಏನನ್ನುತ್ತಿರಬಹುದು, ದೀಪಾವಳಿಗೆ ಆಫೀಸಿನವರೆಲ್ಲ ಅವರ ಮನೆಗೆ ಹೋದಾಗ ಬಿಸಿ ರೊಟ್ಟಿ, ಎಣ್ಣೆಗಾಯಿ, ಯಾರ ಪೈಕಿ ಬೇ ನೀನು, ಬ್ರಾಂಬ್ರು ಅಂದೊಡನೆ ಆಕೆ ಉಳ್ಳಾಗಡ್ಡಿ ಚಟ್ನಿಯ ಬಟ್ಟಲನ್ನು ಹಿಂದೆ ಸರಿಸಿದ್ದು, ಇವಳು ಕೈಚಾಚಿ ಅದನ್ನೇ ಎಳೆದುಕೊಂಡು ಉಂಡಿದ್ದು, ಮುದುಕಿ ನಕ್ಕಿತ್ತು, ನಕ್ಕಿತ್ತಲ್ಲ? ಮನೆಯಲ್ಲಿ ಅಪ್ಪನನ್ನು ಒಪ್ಪಿಸಿದವಳಿಗೆ ಆ ನಗು ಸಾಕು, ಸಾಕೇ ಸಾಕು — ಆದರೆ ಎಷ್ಟು ಹೊತ್ತು ಕೆಂಪು. ಫೋನು ಕೂಡಿಸಲು ಬಂದವನು ಮೊನ್ನೆ ಹೇಳಿದ್ದ, ಕೆಂಪಿದ್ದಾಗ ಇದನ್ನ ಒತ್ತಿದ್ರ ಅವರ ಮಾತು ಕೇಳ್ತದ್ರಿ ಮೇಡಂ, ಅವರಿಗೆ ಗೊತ್ತಾಗಂಗಿಲ್ಲ. ಬೆರಳು ಗುಂಡಿಯ ಮೇಲಿದೆ, ಯಾವಾಗ ಹೋಯಿತು ಅಲ್ಲಿಗೆ, ಒತ್ತಿದರೆ ಈಗಲೇ ಗೊತ್ತು, ಛೀ, ಕದ್ದು ಕೇಳಿದ ಮೇಲೆ ಅವನ ಪಕ್ಕ ಹೇಗೆ ಕೂರುವುದು, ಪ್ರೋಗ್ರಾಂ, ಕದ್ದು ಕೇಳುವ ಸೌಲಭ್ಯ, ತೆಗೆ, ಸೇವ್, ಒಂದನೆಯದಕ್ಕೆ ಮಾತ್ರವಲ್ಲ, ಎಲ್ಲದಕ್ಕೂ, ಸಾಹೇಬರು ಕೇಳಿದರೆ ಕೇಳಲಿ. ಇನ್ನು ದೀಪವೊಂದೇ. ಬೆಳಿಗ್ಗೆ ಅವನೆಂದದ್ದು, ಅವ್ವ ಹೂಂ ಅಂದ್ರ ಅಲ್ಲಿಂದನ ನಿನಗ ಹಚ್ತೀನಿ, ನಿನ್ನ ಫೋನಿನಾಗ ನನ್ನ ಗುಂಡಿ ಹಸರು ಮಿಣಕ್ತೈತಿ ನೋಡು, ಅನ್ಲಿಲ್ಲಂದ್ರ? ಎಂದಿದ್ದಳು ಇವಳು, ಲಾರಿ ಬಂತೆಂದು ಇಟ್ಟುಬಿಟ್ಟಿದ್ದ, ಇರಲಿ, ನಾಲ್ಕನೆಯದು ಕ್ಯಾಂಟೀನು, ನಂಬರ್ —

ಆರಿತು. ಹಸಿರು ಬರಬೇಕು, ಈಗ, ಬರಲಿಲ್ಲ, ಗುಂಡಿ ಕಪ್ಪಗೆ ಕೂತಿದೆ, ಅಂದರೆ ಒಪ್ಪಲಿಲ್ಲ, ಬಟ್ಟಲು ಹಿಂದೆ ಸರಿಸಿದ ಕೈ, ನಗು ಸುಳ್ಳಾಯಿತೆ, ಹೆದರಿಕೆಯೇ ಇದು, ಹೌದು ಹೆದರಿಕೆ — ಕೆಂಪು. ಮತ್ತೆ ಎತ್ತಿದ. ನನಗೆ ಹಚ್ಚಿದ್ದರೆ ಇಷ್ಟರಲ್ಲಿ ಹಸಿರು ಮಿಣುಕಬೇಕಿತ್ತು, ಮಿಣುಕಲಿಲ್ಲ, ಮತ್ತೆ ಅವ್ವನಿಗೇ ಹಚ್ಚಿದ್ದಾನೆ, ಆಕೆ ಇಟ್ಟರೂ ಇವನು ಬಿಟ್ಟಿಲ್ಲ, ಬಿಡುವವನಲ್ಲ, ಕ್ಯಾಂಟೀನಿನ ನಂಬರು ಅರ್ಧಕ್ಕೇ ನಿಂತಿದೆ, ಕೆಂಪು, ಆರದೆ, ಕೆಂಪು