ಸೂಲಗಿತ್ತಿಯ ಹೆಬ್ಬಟ್ಟು

"ಏ ಕುಂಟ ಸೂಳೀಮಗನ, ಅಲ್ಲೇ ನಿಂದ್ರಲೇ! ನಿನ್ನ ನೆರಳ ಎಮ್ಮಿ ಮ್ಯಾಲ ಬೀಳಾಕತ್ತೈತಿ. ಅದರ ಹಾಲ ಕುಡಿಯಾವ್ರು ನಾವು!"

ಗೌಡರ ಅಂಗಳದಲ್ಲಿ ನನಗೆ ಸಿಕ್ಕ ಸ್ವಾಗತ ಇದು. ನಾನು ಬಡಿಗೆ ಊರಿಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ. ನೆರಳೂ ಕುಂಟುತ್ತ ನನ್ನ ಜೊತೆ ಬಂತು. ಎಮ್ಮೆ ಮಾತ್ರ ಜಾತಿ ಕೆಟ್ಟ ಚಿಂತೆಯೇ ಇಲ್ಲದೆ ಮೆಲುಕು ಹಾಕುತ್ತಿತ್ತು.

ಬೈದವರು ಅಡಿವೆಪ್ಪಗೌಡರು, ಊರಿನ ಪೊಲೀಸ್ ಪಾಟೀಲರು. ನಾನು ಹೊಲಗೇರಿಯ ಭರಮವ್ವನ ಮಗ ಖಂಡೆಪ್ಪ. ಆದರೆ ಹತ್ತು ವರ್ಷದಿಂದ ಆ ಹೆಸರಿಗೆ ಊರಲ್ಲಿ ಕೆಲಸವೇ ಇರಲಿಲ್ಲ. ಗೌಡರಿಂದ ಹಿಡಿದು ಅವರ ದನ ಕಾಯುವವನವರೆಗೆ ಎಲ್ಲರಿಗೂ ನಾನು ಕುಂಟ. ಆ ವರ್ಷ, ಅಂದರೆ ೧೯೬೧ರಲ್ಲಿ, ನಾನು ಮ್ಯಾಟ್ರಿಕ್ ಪಾಸಾದೆ. ಧಾರವಾಡದ ಕಾಲೇಜಿನಲ್ಲಿ ಜಾಗವೂ ಸಿಕ್ಕಿತು. ಅಲ್ಲಿ ಉಂಡು ಇರುವುದು ಹೇಗೆ ಎಂದು ತಲೆ ಮೇಲೆ ಕೈ ಹೊತ್ತು ಕೂತಾಗ, ಹೈಸ್ಕೂಲಿನ ಮಾಸ್ತರರು ಒಂದು ಅರ್ಜಿ ತರಿಸಿಕೊಟ್ಟರು. ಅಂಗಹೀನ ವಿದ್ಯಾರ್ಥಿಗಳಿಗೆ ಸರಕಾರ ಸಹಾಯಧನ ಕೊಡುತ್ತದಂತೆ. ನಾನು ಅಂಗಹೀನ ಎಂದು ಊರಿನ ಪಾಟೀಲರು ಸಹಿ ಮಾಡಿದರೆ ಸಾಕಂತೆ. ಹತ್ತು ವರ್ಷ ಬಾಯಿಂದ ಪುಕ್ಕಟೆ ಕೊಟ್ಟದ್ದನ್ನು ಒಂದು ಸಲ ಕಾಗದದ ಮೇಲೆ ಕೊಡಿ ಎಂದು ಕೇಳಲು ನಾನು ಬಂದಿದ್ದೆ.

ಅರ್ಜಿಯನ್ನು ನೆಲದ ಮೇಲಿಟ್ಟು ದೂರ ಸರಿದೆ. ಕಟ್ಟೆಯ ಮೇಲೆ ಕೂತಿದ್ದ, ಊರಿನ ಲೆಕ್ಕಪತ್ರ ಬರೆಯುವ ತಲಾಟಿ ವಾಮನರಾಯರು ಇಳಿದು ಬಂದು ಅದಕ್ಕೆ ನೀರು ಚಿಮುಕಿಸಿ ಎತ್ತಿಕೊಂಡರು. ಕಾಗದ ಶುದ್ಧವಾಯಿತು, ಅಕ್ಷರ ಸ್ವಲ್ಪ ಕದಡಿತು.

"ಅಂಗಹೀನತೆ ಯಾವಾಗ, ಹೇಗೆ ಉಂಟಾಯಿತು?" ಎಂದು ಅವರು ಗಟ್ಟಿಯಾಗಿ ಓದಿದರು. ಆಮೇಲೆ ನಾನು ಬರೆದದ್ದನ್ನು ಓದಿದರು. "ಹತ್ತನೆಯ ವಯಸ್ಸಿನಲ್ಲಿ. ಅಡಿವೆಪ್ಪಗೌಡರ ಬಾವಿ ತೋಡುವ ಬಿಟ್ಟಿ ಕೆಲಸದಲ್ಲಿ. ಮದ್ದು ಹಾರಿಸಿದಾಗ ಕಲ್ಲು ಬಿದ್ದು."

ಗೌಡರ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು.

ಆ ಬಾವಿ ಅಂದರೆ ಅವರಿಗೆ ಪ್ರಾಣ. ಅದರ ಪೂಜೆಗೆ ಕಲೆಕ್ಟರ್ ಸಾಹೇಬರು ಬಂದಿದ್ದರು. ಆವತ್ತಿನ ಫೋಟೋ ಗೌಡರ ಪಡಸಾಲೆಯಲ್ಲಿ ದೇವರಿಗಿಂತ ಒಂದು ಗೇಣು ಮೇಲೆ ನೇತಾಡುತ್ತದೆ. ಫೋಟೋದಲ್ಲಿ ಸಾಹೇಬರಿದ್ದಾರೆ, ಗೌಡರಿದ್ದಾರೆ, ಒಡೆದ ತೆಂಗಿನಕಾಯಿಯೂ ಇದೆ. ಬಾವಿ ತೋಡಿದ ನನ್ನಪ್ಪ ಉದ್ದಪ್ಪ ಇಲ್ಲ. ಅಪ್ಪ ಸತ್ತು ಎಂಟು ವರ್ಷ, ಸಾಯುವತನಕ ಆ ಬಾವಿಯ ನೀರು ಅವನ ನಾಲಿಗೆಗೆ ಬೀಳಲಿಲ್ಲ. ಈಗ ಗೌಡರು ತಾಲೂಕಾ ಬೋರ್ಡಿನ ಚುನಾವಣೆಗೆ ನಿಂತಿದ್ದರು. ಅಂಥ ಬಾವಿಯ ಪಕ್ಕದಲ್ಲಿ ಸರಕಾರಿ ಕಾಗದದ ಮೇಲೆ ಹೊಲೆಯನ ಕಾಲು ಬಂದು ಕೂತರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

"ಯಾರಲೇ ನಿನಗ ಕುಂಟ ಅಂದಾವ್ರು?" ಎಂದರು ಗೌಡರು.

"ಈಗ ನೀವ ಅಂದ್ರೆಲ್ಲರಿ ಎಪ್ಪಾ."

"ಬಾಯಾಗ ಬೈದದ್ದು ಸರಕಾರಿ ಮಾತ ಆಕ್ಕೈತೇನಲೇ? ನಿನಗ ಅಗಸರ ಕತ್ತಿ ಅಂತೀನಿ. ನಾಕ ಕಾಲ ಅದಾವು ಅಂತ ಬರಕೊಡ್ಲೇನು?"

ಅಂಗಳವೆಲ್ಲ ನಕ್ಕಿತು. ಕಲ್ಲು ಬಿದ್ದ ದಿನ ನನ್ನನ್ನು ಬಾವಿಯಿಂದ ಹೆಗಲ ಮೇಲೆ ಹೊತ್ತು ತಂದಿದ್ದ ಆಳು ಮಾಳಪ್ಪನೂ ನಕ್ಕ. ಪಾಪ, ಅವನ ಹೊಟ್ಟೆಯೂ ನಡೆಯಬೇಕಲ್ಲ.

"ಮೊದಲ ಡಾಕ್ಟರ ಕಡೆ ಹೋಗಿ ಬರಿಸ್ಕೊಂಡ ಬಾ. ಅವ್ರು ಕುಂಟ ಅಂದ್ರ ಆಮ್ಯಾಲ ನೋಡೂಣು" ಎಂದು ಗೌಡರು ಉಗುಳಿದರು. ಉಗುಳು ನನ್ನ ಒಳ್ಳೆಯ ಕಾಲಿನ ಹತ್ತಿರವೇ ಬಿತ್ತು.

ಮರುದಿನ ಕಣಗಲಾ ಊರಿನವರೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಸರಕಾರಿ ದವಾಖಾನೆಗೆ ಹೋದೆ. ಡಾಕ್ಟರರು ಕಾಲು ನೋಡುವ ಮೊದಲು ಕೇರಿ ಕೇಳಿದರು. ಹೇಳಿದೆ. ಅವರ ಕುರ್ಚಿ ತಾನಾಗಿಯೇ ಹಿಂದೆ ಸರಿಯಿತು.

"ಅಂಗಳದಾಗ ನಡದು ತೋರಸು."

ನಡೆದೆ.

"ಬಡಿಗಿ ಬಿಟ್ಟು."

ಬಿಟ್ಟೆ, ಬಿದ್ದೆ. ಚೀಟಿ ಹಿಡಿದು ಸಾಲಲ್ಲಿ ನಿಂತಿದ್ದ ರೋಗಿಗಳು ತಮ್ಮ ಕೆಮ್ಮು ಮರೆತು ನೋಡಿದರು.

"ಎದ್ದು ಇನ್ನೊಮ್ಮೆ."

ಮೂರು ಸಲ ಬಿದ್ದ ಮೇಲೆ ಅವರಿಗೆ ಸ್ವಲ್ಪ ನಂಬಿಕೆ ಬಂತು. ಇನ್ನು ಕಾಲಿನ ಅಳತೆ ಆಗಬೇಕು. ಡಾಕ್ಟರರು ಕಂಪೌಂಡರನ ಮುಖ ನೋಡಿದರು. ಅವನು ಟೇಪಿನ ಮುಖ ನೋಡಿದ. ಬಟ್ಟೆಯ ಟೇಪು, ತೊಳೆದರೆ ಅಂಕಿ ಅಳಿಸುತ್ತವೆ. ಕೊನೆಗೆ ಮರದ ಫೂಟುಪಟ್ಟಿಯೊಂದನ್ನು ನನ್ನ ಮುಂದೆ ಎಸೆದು, "ನೀನ ಅಳಕೊಂಡು ಹೇಳು" ಎಂದರು. ಹೀಗೆ ನನ್ನನ್ನು ನಾನೇ ತಪಾಸಣೆ ಮಾಡಿಕೊಂಡೆ. ಗಿಡ್ಡ ಕಾಲು ಮೂರು ಇಂಚು ಕಮ್ಮಿ ಎಂದೆ. ಆರು ಅಂದಿದ್ದರೂ ಬರೆಯುತ್ತಿದ್ದರು. ಖರೆ ಹೇಳುವ ರೋಗವನ್ನು ಮಾಸ್ತರರು ನನಗೆ ಅಂಟಿಸಿಬಿಟ್ಟಿದ್ದರು.

"ಕಾಲು ಗಿಡ್ಡ ಐತಿ ಅಂತ ಬರದೇನಿ" ಎಂದರು ಡಾಕ್ಟರರು. "ಹೆಂಗ ಆತು, ಯಾರಿಂದ ಆತು, ಅದು ನನಗ ಬ್ಯಾಡ. ಅದು ನಿಮ್ಮ ಪಾಟೀಲರ ಸಹಿ ಮ್ಯಾಲ ಐತಿ. ಆ ಸಹಿ ಇಲ್ಲಂದ್ರ ಈ ಕಾಗದ ಚುರಮರಿ ಕಟ್ಟಾಕ ಬರತೈತಿ ಅಷ್ಟ."

ಡಾಕ್ಟರರ ಚೀಟಿ ನೋಡಿದ ಮೇಲೆ ಗೌಡರಿಗೆ ನನ್ನ ಕಾಲು ಕಾಣತೊಡಗಿತು. ಅಷ್ಟರಲ್ಲಿ ತಲಾಟಿಯವರೂ ಒಂದು ದಾರಿ ಹುಡುಕಿದ್ದರು.

"ಬಾವಿ ಗೀವಿ ಎಲ್ಲಾ ಹೊಡದ ಹಾಕು. 'ಹುಟ್ಟಿನಿಂದ' ಅಂತ ಬರಿ. ಹಿಂದಿನ ಜನ್ಮದ ಪಾಪಕ್ಕ ಗೌಡ್ರೇನ ಮಾಡ್ಯಾರು?" ಎಂದು ವಾಮನರಾಯರು ತಮ್ಮ ಕೈಯಿಂದಲೇ ನನ್ನ ಸಾಲಿನ ಮೇಲೆ ಗೆರೆ ಎಳೆದು, ಹುಟ್ಟಾ ಕುಂಟ ಎಂದು ಬರೆದರು. "ಆದ್ರ ಇದಕ್ಕ ಹುಟ್ಟಿಸಿದಾಕಿ ಸಾಕ್ಷಿ ಬೇಕು. ಸೂಲಗಿತ್ತಿ ಹೆಬ್ಬಟ್ಟ ಒತ್ತಿಸ್ಕೊಂಡ ಬಾ. ಗೌಡ್ರು ಆ ಕ್ಷಣಾನ ಸಹಿ ಮಾಡ್ತಾರ."

ಊರಿಗೆಲ್ಲ ಸೂಲಗಿತ್ತಿ ಒಬ್ಬಳೇ, ನಮ್ಮವ್ವ. ಊರಿನ ಮೂರು ಪಾಲು ಜನ ಭೂಮಿಗೆ ಬಂದು ಮೊದಲು ಕಂಡದ್ದು ನಮ್ಮವ್ವನ ಮುಖ, ಮೊದಲು ಮುಟ್ಟಿದ್ದು ನಮ್ಮವ್ವನ ಕೈ. ಹೆರುವ ಹೊತ್ತಿಗೆ ಯಾವ ಮನೆಗೂ ಮಡಿಯಿಲ್ಲ. ಹೊಕ್ಕಳಬಳ್ಳಿ ಕತ್ತರಿಸಿದ ಮೇಲೆ ಮಡಿಯೂ ಹುಟ್ಟುತ್ತದೆ.

ಸುಳ್ಳೇಕೆ ಹೇಳಲಿ, ನನಗೆ ಸಂತೋಷವೇ ಆಯಿತು. ಕಾಲು ಹೋದದ್ದಂತೂ ಹೋಗಿದೆ, ಯಾವ ದಾರಿಯಿಂದ ಹೋದರೇನು? ಅರ್ಜಿ ಬೆಳಗಾವಿಗೆ ತಲುಪಲು ನಾಲ್ಕೇ ದಿನ ಉಳಿದಿತ್ತು. ಓಡುವ ಕುಂಟನನ್ನು ಕಾಣಬೇಕಿದ್ದರೆ ಆವತ್ತು ನನ್ನನ್ನು ನೋಡಬೇಕಿತ್ತು.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಲಾಟಿ ಕೊಟ್ಟ ಮಸಿಡಬ್ಬಿ ಅವಳ ಮುಂದೆ ಹಿಡಿದೆ.

"ಓದು ಮೊದಲ" ಎಂದಳು.

ಓದಿದೆ. ಅವಳು ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ನಾ ಕುಂಟನ್ನ ಹಡದಿಲ್ಲ."

"ಗೊತ್ತೈತ್ಬೇ ಅವ್ವಾ. ಬರೇ ಒಂದ ಮಾತ ಅದು."

"ಬರೇ ಮಾತಾದ್ರ ಆ ಹಾಟ್ಯಾನ ಗೌಡ ಯಾಕ ಅಂಜತಾನ? ಕಬ್ಬಿನ ಹೊಲದಾಗ ಒಬ್ಬಾಕಿನ ಹಡದೆ ನಿನ್ನ. ಕುಡಗೋಲಿಂದ ಹೊಕ್ಕಳ ನಾನ ಕೊಯ್ದೆ. ಕಾಲ ಹಿಡದ ಎತ್ತಿ ನೋಡಿದೆ. ಎಲ್ಡೂ ಗಟ್ಟಿ ಇದ್ದವು, ನನ್ನ ಎದಿಗೆ ಒದ್ದಿ ನೀ. ಈಗ ನನ್ನ ಹೊಟ್ಟೀನ ಕೆಟ್ಟದ್ದು ಅಂತ ನಾನ ಒತ್ತಿಕೊಡ್ಲೇನು?"

"ನಿನ್ನ ಹಟಕ್ಕ ನಾ ಜಲ್ಮಾಪೂರ್ತಿ ಗೌಡನ ಎಮ್ಮಿ ಕಾಯಬೇಕೇನು? ಹಡದದ್ದೊಂದ ಬಿಟ್ಟು ನೀ ನನಗ ಮತ್ತೇನ ಮಾಡಿ?"

ಅವ್ವ ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಕರಿಯಾಗುವವರೆಗೂ ಅದನ್ನೇ ನೋಡುತ್ತ ಕೂತಳು. ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಎರಡು ದಿನ ನಾವು ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮಾಳಪ್ಪ ಓಡಿ ಬಂದ. ಗೌಡರ ಸೊಸೆ ಸುಂದ್ರವ್ವನಿಗೆ ನೋವು ಶುರುವಾಗಿತ್ತು. ಹೆರಿಗೆಗೆ ಅವಳು ತವರು ಗೋಕಾಕಕ್ಕೆ ಹೋಗಬೇಕಿತ್ತು. ಚಕ್ಕಡಿ ಹೂಡುವಷ್ಟರಲ್ಲೇ ನೀರು ಒಡೆದಿತ್ತು. ಅವ್ವ ಬಾಣಂತಿ ಗಂಟು ಎತ್ತಿಕೊಂಡಳು. ಹೊಸ್ತಿಲಲ್ಲಿ ನಿಂತು ಎರಡು ದಿನದ ಮೇಲೆ ನನ್ನ ಜೊತೆ ಮಾತಾಡಿದಳು.

"ಸಲಿಕಿ ತಗೊಂಡ ಬಾ. ಆ ಕಾಗದಾನೂ ತಗೊ."

ಕೂಸಿನ ಹಿಂದೆ ಬೀಳುವ ಮಾಸನ್ನು ಹುಗಿಯಲು ಹಿತ್ತಲಲ್ಲಿ ಗುಂಡಿ ತೋಡುವುದು ಸೂಲಗಿತ್ತಿಯ ಮನೆಯವರ ಕೆಲಸ. ಮ್ಯಾಟ್ರಿಕ್ ಪಾಸಾದವನು ಗುಂಡಿ ತೋಡತೊಡಗಿದೆ. ಆಚೆ ಕಟ್ಟೆಯ ಮೇಲೆ ಗೌಡರು ಮೈ ತೊಳೆದು, ವಿಭೂತಿ ಹಚ್ಚಿಕೊಂಡು ಕೂತಿದ್ದರು. ಜಾತಕಕ್ಕೆ ಹುಟ್ಟಿದ ಗಳಿಗೆ ಬರೆದುಕೊಳ್ಳಲು ವಾಮನರಾಯರು ಗಡಿಯಾರ, ಪೆನ್ನು ಹಿಡಿದು ತಯಾರಾಗಿದ್ದರು. ಸೊಸೆಗೆ ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಗೌಡರ ಮುಖದಲ್ಲಿ ಆವತ್ತು ಗೌಡಿಕೆ ಇರಲಿಲ್ಲ, ಬರೀ ಹೆದರಿಕೆಯಿತ್ತು. ನನಗೂ ಕನಿಕರ ಬಂತು, ಆದರೆ ಸ್ವಲ್ಪವೇ.

ಮಧ್ಯಾಹ್ನದ ಹೊತ್ತಿಗೆ ಕೂಸು ಅತ್ತಿತು. ಅವ್ವ ಅದನ್ನು ತನ್ನ ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. ನಮ್ಮ ಕಡೆ ಪದ್ಧತಿ ಹೀಗೆ: ಸೂಲಗಿತ್ತಿ ಬಾಗಿಲಲ್ಲಿ ನಿಂತು ಗಂಡೋ ಹೆಣ್ಣೋ ಹೇಳಬೇಕು. ಕೈ, ಕಾಲು, ಬೆರಳು ನೆಟ್ಟಗಿವೆ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಆಮೇಲೆ ಕೂಸನ್ನು ಮೊರದಲ್ಲಿ ಮಲಗಿಸಿ ಹಿಂದೆ ಸರಿಯಬೇಕು. ಮನೆಯವರು ಮೊರದಿಂದ ಎತ್ತಿಕೊಳ್ಳುತ್ತಾರೆ. ಕೈಯಿಂದ ಕೈಗೆ ಕೊಡುವಂತಿಲ್ಲ.

"ಏನ ಆತ ಭರಮೀ?" ಎಂದು ಗೌಡರು ಎದ್ದು ನಿಂತರು.

"ಗಂಡ್ರಿ. ತಾಯಿ ಆರಾಮ ಅದಾಳ."

"ಕೈ ಕಾಲ?"

"ಅದನ್ನ ನಾ ಹೆಂಗ ಹೇಳ್ಲಿರಿ ಎಪ್ಪಾ? ಕಣ್ಣಿಗೆ ಕಂಡದ್ದು ಈ ಊರಾಗ ಖರೆ ಅಲ್ಲ. ತಲಾಟಿಯವ್ರು ಏನ ಬರದಾರೋ ಅದ ಖರೆ. ಕೇಳ್ರಿ ಅವರ್ನ, ನಿಮ್ಮ ಮೊಮ್ಮಗಗ ಕಾಲ ಅದಾವೋ ಇಲ್ಲೋ."

ಗೌಡರ ಬಣ್ಣ ಇಳಿಯಿತು.

"ಹುಚ್ಚ ರಂಡಿ! ಇಡ ಕೂಸನ್ನ ಮೊರದಾಗ!"

"ಇಡ್ತೀನ್ರಿ. ನನ್ನ ಮಗನ ಕಾಗದಾ ಮೊದಲ ನೆಟ್ಟಗ ಆಗಲಿ."

"ಮಾಳ್ಯಾ, ಕಸಕೊಳ್ಳೋ ಕೂಸನ್ನ!" ಎಂದು ಗೌಡರು ಕೂಗಿದರು. ಮಾಳಪ್ಪ ಒಂದು ಹೆಜ್ಜೆ ಇಟ್ಟು ನಿಂತ. ಕೂಸಿತ್ತು ಅವ್ವನ ಎದೆಯ ಮೇಲೆ, ಅವಳ ಸೆರಗಿನೊಳಗೆ. ಕಸಿದುಕೊಳ್ಳಬೇಕಾದರೆ ಅವಳನ್ನು ಮುಟ್ಟಬೇಕು. ಮಾಳಪ್ಪ ಗೌಡರನ್ನು ನೋಡಿದ, ಗೌಡರು ತಲಾಟಿಯನ್ನು ನೋಡಿದರು, ತಲಾಟಿ ಗಡಿಯಾರ ನೋಡಿಕೊಂಡರು. ನಮ್ಮನ್ನು ದೂರ ಇಡಲು ಅಜ್ಜ ಮುತ್ತಜ್ಜರು ಕಟ್ಟಿದ ಗೋಡೆ ಆವತ್ತು ನಮ್ಮವ್ವನನ್ನು ಕಾಯುತ್ತಿತ್ತು. ಕೂಸು ಬೆಚ್ಚಗೆ ಮಲಗಿತ್ತು. ಅದಕ್ಕೆ ಯಾವ ಕೇರಿಯ ಸೆರಗು ಎಂಬ ಗೊಡವೆ ಇರಲಿಲ್ಲ.

"ಹೇಳ ಭರಮೀ, ನಿನ್ನ ಕಾಲ ಬೀಳ್ತೀನಿ, ಕಾಲ ಅದಾವಿಲ್ಲೋ?" ಗೌಡರ ದನಿ ಒಡೆದಿತ್ತು.

"ನೆಟ್ಟಗ ಬರದ ಓದೋ ಖಂಡಾ" ಎಂದಳು ಅವ್ವ.

ನಾನು ಕಿಸೆಯಿಂದ ಅರ್ಜಿ, ಪೆನ್ನು ತೆಗೆದೆ. ಹುಟ್ಟಾ ಕುಂಟ ಎಂಬುದನ್ನು ಕಾಟು ಹೊಡೆದು, ಕೆಳಗೆ ಮತ್ತೆ ಬರೆದೆ. ಬರೆದದ್ದನ್ನು ಆಳು ಕಾಳುಗಳಿಗೆಲ್ಲ ಕೇಳುವಂತೆ ಓದಿದೆ. ವಯಸ್ಸು, ಬಾವಿ, ಬಿಟ್ಟಿ, ಮದ್ದು, ಕಲ್ಲು. ಈ ಸಲ ಯಾರೂ ನಗಲಿಲ್ಲ. ಕಾಗದವನ್ನು ಕಟ್ಟೆಯ ಮೇಲಿಟ್ಟೆ. ನೀರು ಚಿಮುಕಿಸುವುದು ತಲಾಟಿಯವರಿಗೆ ನೆನಪಾಗಲಿಲ್ಲ. ಗೌಡರು ಸಹಿ ಮಾಡಿದರು, ವಾಮನರಾಯರು ಬಗಲಚೀಲದಿಂದ ಶಿಕ್ಕೆ ತೆಗೆದು ಒತ್ತಿದರು. ನಾಳೆ ಅವರು ಇಲ್ಲ ಎಂದಾರು, ನಮ್ಮ ಗುಡಿಸಲಿಗೆ ಬೆಂಕಿ ಇಟ್ಟಾರು. ಆದರೆ ಇವತ್ತು ಸಂಜೆಯ ಬಸ್ಸಿಗೆ ಕಾಗದ ಬೆಳಗಾವಿಗೆ ಹೋಗುತ್ತದೆ.

ಅವ್ವ ಬಾಗಿ ಕೂಸನ್ನು ಮೊರದಲ್ಲಿ ಮಲಗಿಸಿದಳು. ಸೆರಗು ಬಿಡಿಸಿದಳು. ಎರಡು ಕೆಂಪು ಕಾಲು ಗಾಳಿಯನ್ನು ಒದ್ದವು.

"ನೋಡ್ಕೋರಿ. ಎಲ್ಡ ಕಾಲ, ಹತ್ತ ಬೆರಳ. ನನ್ನ ಕೈಯಾಗಿಂದ ಹೊರಗ ಬಂದಾಗ ಈ ಊರಾಗ ಎಲ್ಲಾರಿಗೂ ಎಲ್ಡ ಕಾಲ ಇದ್ದವು."

ಬಾಣಂತಿ ಗಂಟು ಬಗಲಿಗೇರಿಸಿ ಅವ್ವ ಹೊರಟಳು. ಅರ್ಧ ತೋಡಿದ ಗುಂಡಿಯಲ್ಲೇ ಸಲಿಕೆ ಬಿಟ್ಟು ನಾನೂ ಹೊರಟೆ. ಬೇಲಿ ದಾಟುವಾಗ ಹಿಂದಿನಿಂದ ಗೌಡರು ಕೂಗಿದರು.

"ಏ ಭರಮೀ! ಈ ಮಾಸ ಯಾರ ಹುಗಿಬೇಕ?"

ಅವ್ವ ತಿರುಗಿ ನೋಡಲಿಲ್ಲ.

"ನಿಮ್ಮದ ಐತ್ರಿ ಅದು" ಎಂದಳು.