ಅತ್ತೆ ಹಾಕಿದ ಮತ

ಸೋಮವಾರ ಸಂಜೆ ಟಿವಿಯಲ್ಲಿ ಮತ ಎಣಿಕೆ ಶುರುವಾದಾಗ ನಾನೂ ಹಿಟ್ಟು ನಾದಲು ಶುರುಮಾಡಿದೆ. ಮರುದಿನ ಬೆಳಗ್ಗೆ ಊರ ಭಟ್ಟಿಯಲ್ಲಿ ನಮ್ಮ ಸರದಿ. ದೇಶದಲ್ಲಿ ಯಾರು ಗೆದ್ದರೂ ಯಾರು ಸೋತರೂ ವಾರದ ಬ್ರೆಡ್ಡು ತಾನಾಗಿ ಬೇಯುವುದಿಲ್ಲ. ಅದೂ ಅಲ್ಲದೆ ಕೈಗೊಂದು ಕೆಲಸ ಕೊಡದಿದ್ದರೆ ಆ ಟಿವಿಯನ್ನೇ ಎತ್ತಿ ಬೀದಿಗೆ ಹಾಕಿಬಿಡುತ್ತಿದ್ದೆನೇನೋ.

ಜನರ ಮುಂದಿಟ್ಟಿದ್ದ ಪ್ರಶ್ನೆ ಒಂದೇ: ನಾಲ್ಕು ವರ್ಷದ ಹಿಂದೆ ಬಂದ ವಿಚ್ಛೇದನದ ಕಾನೂನನ್ನು ರದ್ದು ಮಾಡಬೇಕೆ? ‘ಹೌದು’ ಎಂದರೆ ಕಾನೂನು ಹೋಗುತ್ತದೆ, ‘ಇಲ್ಲ’ ಎಂದರೆ ಉಳಿಯುತ್ತದೆ. ಇಡೀ ಇಟಲಿ ಇದಕ್ಕೇ ಕಿತ್ತಾಡುತ್ತಿತ್ತು. ಗಂಡ ಹೆಂಡಿರು ಮಾತು ಬಿಟ್ಟಿದ್ದರು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡಕ್ಕೇ ಎದ್ದುಹೋದವರಿದ್ದರು. ನಮ್ಮ ಮನೆಯಲ್ಲಿ ಮಾತ್ರ ಜಗಳವಿರಲಿಲ್ಲ. ಮಾತೇ ಇಲ್ಲದ ಕಡೆ ಜಗಳ ಎಲ್ಲಿಂದ ಬರಬೇಕು?

ನನ್ನವನು ಎಜಿದಿಯೊ ಮೊದಲು ಮದುವೆಯಾದವಳು ವರ್ಷ ತುಂಬುವುದರೊಳಗೆ ಬೇರೊಬ್ಬನ ಜೊತೆ ತೊರೀನೊ ನಗರಕ್ಕೆ ಹೋದಳು. ಆಮೇಲೆ ಈ ಮನೆಗೆ ಬಂದವಳು ನಾನು. ಹದಿನೇಳು ವರ್ಷದಿಂದ ಅವನ ಅಂಗಿ ಒಗೆಯುತ್ತಿದ್ದೇನೆ, ಅವನ ತಾಯಿಯ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದೇನೆ, ಮಗಳು ಸೆರಾಫೀನಾಳನ್ನು ಹೆತ್ತು ಬೆಳೆಸಿದ್ದೇನೆ. ಕಾಗದದ ಮೇಲೆ ಹೆಂಡತಿ ಇನ್ನೂ ಅವಳೇ. ಶಾಲೆಯಲ್ಲಿ ಹಾಜರಿ ಕರೆಯುವಾಗ ನನ್ನ ಮಗಳ ಹೆಸರಿನ ಜೊತೆ ಅಪ್ಪನ ಮನೆತನದ ಹೆಸರು ಬರುವುದಿಲ್ಲ. ಕಾನೂನು ಬಂದ ವರ್ಷವೇ ಎಜಿದಿಯೊ ಕೋರ್ಟಿಗೆ ಹೋದ. ಐದು ವರ್ಷ ಕಾಯಬೇಕೆಂದರು. ಕಾದೆವು. ಇನ್ನೊಂದೇ ವರ್ಷ ಇದೆ ಎನ್ನುವಾಗ ಈ ಜನಮತಗಣನೆ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರುವುದೋ ಇಲ್ಲವೋ, ಅದು ಈ ಸಂಜೆ ತೀರ್ಮಾನವಾಗಬೇಕಿತ್ತು.

ಅತ್ತೆ ಯುಫೇಮಿಯಾ ಒಲೆಯ ಪಕ್ಕ ಕೂತಿದ್ದರು. ನಾನು ಅವರನ್ನು ಅತ್ತೆ ಎನ್ನುತ್ತೇನೆ, ಅವರು ನನ್ನನ್ನು ‘ಏ ಇವಳೇ’ ಎನ್ನುತ್ತಾರೆ. ಜಪಮಾಲೆ ಬಿಟ್ಟು ಮಲಗಿದವರಲ್ಲ. ಮಂಡಿ ನೋವಿನಿಂದ ಚಳಿಗಾಲದಿಂದೀಚೆ ಚರ್ಚಿಗೆ ಹೋಗಿಲ್ಲ, ಅಷ್ಟೇ. ‘ಹೌದು’ ಹಾಕಿ ಎಂದು ಪಾದ್ರಿಗಳು ಊರಿಗೆಲ್ಲ ಸಾರಿದ್ದಾಗ ಅತ್ತೆಯ ಮತ ಯಾವ ಕಡೆಗೆಂದು ನಾವು ಕೇಳುವುದೇನಿತ್ತು? ಟಿವಿಯಲ್ಲಿ ಆ ವಿಷಯ ಬಂದಾಗಲೆಲ್ಲ ಎಜಿದಿಯೊ ಎದ್ದು ಆರಿಸುತ್ತಿದ್ದ. ಭಾನುವಾರ ತೋಳು ಹಿಡಿದು ಮತಗಟ್ಟೆಗೆ ನಡೆಸಿಕೊಂಡು ಹೋಗುವಾಗಲೂ ತಾಯಿ ಮಗ ಬಾಯಿ ಬಿಡಲಿಲ್ಲವಂತೆ.

ಒಲೆಯ ಮೇಲಿನ ಮೊಳೆಗೆ ಈ ಮನೆಯ ಅಚ್ಚು ನೇತುಬಿದ್ದಿರುತ್ತದೆ. ಬೀದಿಯ ಬ್ರೆಡ್ಡೆಲ್ಲ ಒಂದೇ ಭಟ್ಟಿಯಲ್ಲಿ ಬೇಯುವ ಊರು ನಮ್ಮದು, ಯಾರದು ಯಾವುದೆಂದು ತಿಳಿಯಲು ಮನೆಗೊಂದು ಮರದ ಅಚ್ಚು. ಮಗನ ಮದುವೆಯಾದಾಗ ಅತ್ತೆ ಅದನ್ನು ಸೊಸೆಯ ಕೈಗೆ ಕೊಡಬೇಕು. ನನಗೆ ಕೊಟ್ಟಿಲ್ಲ. ಅದರ ಬದಲು ನಾನು ಹಿಟ್ಟಿನ ಮೇಲೆ ಹಿತ್ತಲ ಬಾಗಿಲ ಕೀಲಿಕೈ ಒತ್ತುತ್ತೇನೆ. “ಕೀಲಿಕೈ ಬ್ರೆಡ್ಡು ಯಾರದ್ರಮ್ಮಾ?” ಎಂದು ಭಟ್ಟಿಯವನು ಎಲ್ಲರ ಮುಂದೆ ಕೂಗುತ್ತಾನೆ, ಯಾರದೆಂದು ಗೊತ್ತಿದ್ದೂ. ಇವತ್ತು ಆ ಮೊಳೆ ಖಾಲಿಯಿತ್ತು. ಕಾನೂನು ಉಳಿದರೆ ನಾನೆಲ್ಲಿ ಅಚ್ಚಿಗೆ ಕೈ ಹಾಕುತ್ತೇನೋ ಎಂದು ಬಚ್ಚಿಟ್ಟಿದ್ದಾರೆ ಎಂದುಕೊಂಡೆ. ಸಿಟ್ಟು ಬರಲಿಲ್ಲ. ಸಿಟ್ಟಿಗೂ ತ್ರಾಣ ಬೇಕಲ್ಲ.

‘ಇಲ್ಲ’ ಮುಂದಿದೆ ಎಂದಿತು ಟಿವಿ. ಎಜಿದಿಯೊ ಮೊದಲು ತಾಯಿಯ ಮುಖ ನೋಡಿದ, ಆಮೇಲೆ ಎದ್ದು ಸದ್ದು ತಗ್ಗಿಸಿದ. ಸಂತೋಷವನ್ನೂ ಕದ್ದು ಪಡಬೇಕು ಈ ಮನೆಯಲ್ಲಿ. ಅತ್ತೆಯ ಒಂದು ಕೈ ಮೇಲಂಗಿಯ ಜೇಬಿನಲ್ಲಿ ಆಡುತ್ತಲೇ ಇತ್ತು. ಜಪ ಎಣಿಸುತ್ತಿದ್ದಾರೆ, ನಾನು ಸೋಲಲಿ ಎಂದು.

ಅಷ್ಟರಲ್ಲಿ ಪಕ್ಕದ ಮನೆಯ ವಿಂಚೆಂಜಾ ಬಾಗಿಲು ತಳ್ಳಿಕೊಂಡು ಬಂದಳು.

“ಕೇಳಿದ್ರಾ ಯುಫೇಮಿಯಮ್ಮಾ? ನಮ್ಮೂರಲ್ಲಿ ‘ಹೌದು’ ಗೆದ್ದಿದೆ! ನಮ್ಮಲ್ಲಾದ್ರೂ ಇನ್ನೂ ಧರ್ಮ ಉಳಿದಿದೆ.” ನನ್ನ ಕಡೆ ತಿರುಗಿದಳು. “ನಿಂಗೆ ಹೇಳಿದ್ದಲ್ಲ ಕಣೇ ಇಂಕೊರೊನಾತಾ. ನೀನು ಹಿಟ್ಟು ನಾದು.”

“ನಾದ್ತಾನೇ ಇದೀನಿ. ನಿನ್ನ ನಾಲಿಗೇನೂ ಇಲ್ಲಿಡು, ಅದನ್ನೂ ನಾದಿ ಮೆತ್ತಗೆ ಮಾಡ್ಕೊಡ್ತೀನಿ.”

“ಗೆದ್ದಿತಾ?” ಎಂದರು ಅತ್ತೆ. “ನಿಜವಾಗ್ಲೂ?”

ಅವರ ಮುಖ ಅರಳಿತು. ಅಷ್ಟು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ವಿಂಚೆಂಜಾಳ ಮಾತು ನನಗೆ ತಾಗಲಿಲ್ಲ, ಆ ನಗು ತಾಗಿತು.

ಹೊರಗೆ ಕತ್ತಲಾಗುವ ಹೊತ್ತಿಗೆ ಇಡೀ ದೇಶದ ಫಲಿತಾಂಶ ಸ್ಪಷ್ಟವಾಯಿತು. ‘ಇಲ್ಲ’ ಗೆದ್ದಿತ್ತು, ಅದೂ ದೊಡ್ಡ ಅಂತರದಲ್ಲಿ. ವಿಂಚೆಂಜಾ “ದೇಶ ಹಾಳಾಯ್ತು” ಎನ್ನುತ್ತಾ ಎದ್ದುಹೋದಳು. ಎಜಿದಿಯೊ ನನ್ನ ಭುಜದ ಮೇಲೆ ಕೈಯಿಟ್ಟ. ನನಗೆ ಕುಣಿಯಬೇಕೆನಿಸಲಿಲ್ಲ, ಅಲ್ಲೇ ಹಿಟ್ಟಿನ ಮೇಲೆ ತಲೆಯಿಟ್ಟು ಮಲಗಬೇಕೆನಿಸಿತು. ತಿರುಗಿ ನೋಡಿದರೆ ಅತ್ತೆ ಅಳುತ್ತಿದ್ದರು.

“ಅಮ್ಮಾ, ಅಳಬೇಡ,” ಎಂದ ಎಜಿದಿಯೊ.

ನನಗೆ ತಡೆಯಲಾಗಲಿಲ್ಲ. “ಅತ್ತೆ, ಹದಿನೇಳು ವರ್ಷ ನಾನು ಸೋತೆ. ಒಂದು ಸಂಜೆ ಗೆದ್ರೆ ನಿಮಗೆ ನೋಡೋಕಾಗಲ್ವಾ?”

“ಯಾರು ಗೆದ್ದಿದ್ದು?” ಅತ್ತೆ ಕಣ್ಣೊರೆಸಿಕೊಂಡರು. “‘ಹೌದು’ ಸೋತಿತು ಅಂದ್ನಲ್ಲೇ ಟಿವಿಯವನು?”

“ಸೋತಿತು.”

“ಮತ್ತೆ? ನಾನು ಹಾಕಿದ್ದೂ ಅದಕ್ಕೇ ತಾನೆ? ವಿಚ್ಛೇದನ ಬೇಕಾ ಅಂತ ಕೇಳಿದ್ರು. ಹೌದು, ಬೇಕು, ನನ್ನ ಮಗನಿಗೆ ಬೇಕು ಅಂತ ಗೀಟು ಎಳೆದೆ. ಪಾದ್ರಿಗಳಿಗೆ ಗೊತ್ತಾದ್ರೆ ಏನಂತಾರೋ ಅಂತ ನಿನ್ನೆಯಿಂದ ಕಣ್ಣು ಮುಚ್ಚಿಲ್ಲ.”

ಸೆರಾಫೀನಾ ಬಾಯಿಗೆ ಕೈ ಅಡ್ಡ ಹಿಡಿದಳು, ಆದರೂ ನಗು ಕಿತ್ತುಕೊಂಡು ಬಂತು.

“ಅಜ್ಜೀ, ಉಲ್ಟಾ ಹಾಕಿದೀಯ! ಅವ್ರು ಕೇಳಿದ್ದು ಕಾನೂನು ತೆಗೀಬೇಕಾ ಅಂತ. ‘ಇಲ್ಲ’ ಅಂದವ್ರೇ ನಮ್ಮ ಕಡೆಯವ್ರು. ನಾವು ಗೆದ್ವಿ!”

ಅತ್ತೆ ನನ್ನ ಕಡೆ ತಿರುಗಿದರು. “ಅಂದ್ರೆ ನಾನು ಇವಳ ವಿರುದ್ಧ ಹಾಕಿ ಬಂದ್ನಾ?”

“ಪಾದ್ರಿಗಳು ಹೇಳಿದ ಹಾಗೇ ಹಾಕಿದೀಯ ಬಿಡಮ್ಮಾ,” ಎಂದ ಎಜಿದಿಯೊ. ನಗುತ್ತಿದ್ದನೋ ಅಳುತ್ತಿದ್ದನೋ, ನನಗೆ ತಿಳಿಯಲಿಲ್ಲ.

“ಮುಚ್ಚೋ ಬಾಯಿ! ಮನೇಲಿ ಇಷ್ಟು ಜನ ಇದೀರಿ. ಯಾವುದಕ್ಕೆ ಹಾಕ್ಬೇಕು ಅಂತ ಒಬ್ಬರಾದ್ರೂ ಹೇಳಿದ್ರಾ? ಆ ಟಿವಿ ಬಾಯಿ ಬಿಟ್ರೆ ಸಾಕು, ನೀನು ಓಡಿಬಂದು ಆರಿಸ್ತಿದ್ದೆ.”

ಅತ್ತೆ ಜೇಬಿನಿಂದ ಕೈ ಹೊರಗೆ ತೆಗೆದರು. ಕೈಯಲ್ಲಿ ಜಪಮಾಲೆಯಿರಲಿಲ್ಲ, ಅಚ್ಚಿತ್ತು. ವರ್ಷಗಟ್ಟಲೆಯ ಮಸಿಯನ್ನೆಲ್ಲ ಉಜ್ಜಿ ತೆಗೆದು ಎಣ್ಣೆ ಹಚ್ಚಿದ್ದರು.

“ನಿನ್ನೆ ಮತ ಹಾಕಿ ಬಂದು ತಿಕ್ಕಿಟ್ಟೆ. ಗೆದ್ದರೆ ಕೊಡೋಣ ಅಂತ ಸಂಜೆಯಿಂದ ಹಿಡ್ಕೊಂಡು ಕೈ ಜೋಮು ಹಿಡೀತು. ತಗೋ.”

“ಇನ್ನೂ ಒಂದು ವರ್ಷ ಇದೆ ಅತ್ತೆ. ಕೋರ್ಟಿನ ಕಾಗದ ಬರಲಿ.”

“ಕೋರ್ಟಿಗೇನು, ಅದಕ್ಕೆ ವಯಸ್ಸಾಗಲ್ಲ. ನನಗಾಗುತ್ತೆ.”

ನನ್ನ ಕೈ ಮೊಣಕೈವರೆಗೆ ಹಿಟ್ಟಾಗಿತ್ತು. ಹಾಗೇ ಚಾಚಿದೆ. ಅತ್ತೆ ಅಚ್ಚನ್ನು ನನ್ನ ಅಂಗೈಯಲ್ಲಿಟ್ಟು, ತಾವೇ ನನ್ನ ಬೆರಳು ಮಡಿಸಿದರು.

“ಬೆಳಗ್ಗೆ ಇದನ್ನೇ ಒತ್ತು,” ಎಂದರು. “ಆ ಭಟ್ಟಿಯವನು ಯಾರ ಹೆಸರು ಹಿಡಿದು ಕೂಗ್ತಾನೆ ಅಂತ ಬಂದು ನಂಗೆ ಹೇಳು.”